ರಣಕ್ಕೆ ಮುಂಚೆ ಜಾಲದ ತಾಲೀಮು

ಮಳೆಗಾಲದಲ್ಲಿ ಯಡೂರಿನ ಶ್ರೀ ವೀರಭದ್ರದೇವರ ದರ್ಶನಕ್ಕೆ ಹೊರಟವನು ಮೊದಲು ವಿಚಾರಿಸುವದು ಕಲ್ಲೋಳ-ಯಡೂರು ಸೇತುವೆಯ ಸಮಾಚಾರವನ್ನು. ಕೃಷ್ಣೆ ಏರಿದಳೆಂದರೆ ಅದು ಮುಳುಗುವದು. ಸುತ್ತು ಹಾಕಿ ಹೋದರಾಯಿತೆಂದು ಭೂಪಟ ನೋಡಿದವರು ಹೇಳಬಹುದು. ಆದರೆ ಅದೇ ದಿನಗಳಲ್ಲಿ ದೂಧಗಂಗೆ ವೇದಗಂಗೆಗಳೂ ಉಕ್ಕುವವು. ಮಲಿಕವಾಡ-ದತ್ತವಾಡ, ಭೋಜವಾಡಿ-ಕುನ್ನೂರ ಸೇತುವೆಗಳೂ ನೀರ ಪಾಲಾಗುವವು. ಪಟದಲ್ಲಿ ನಾಲ್ಕು ದಾರಿ. ಹೊಳೆ ಬಂದಾಗ ಒಂದು ಉಳಿದರೆ ಪುಣ್ಯ. 2019ರ ಮಹಾಪೂರದಲ್ಲಿ ಚಿಕ್ಕೋಡಿ ಭಾಗದವರು ಇದನ್ನು ಕಣ್ಣಾರೆ ಕಂಡಿರುವರು.

ಸೈನ್ಯದ ಗಣಕಜಾಲದ ವಿಷಯವಾಗಿ ಬರೆಯಲು ಕುಳಿತ ನಮಗೆ ಈ ಸೇತುವೆಗಳೇ ಮೊದಲು ನೆನಪಾದದ್ದು ಆಶ್ಚರ್ಯವಲ್ಲ. ಇಂದು ಸೇನಾಪತಿಯ ಆಜ್ಞೆ, ಗಡಿಯ ಚಿತ್ರ, ಫಿರಂಗಿಯ ಗುರಿ ಎಲ್ಲವೂ ಜಾಲದ ಮೇಲೆಯೇ ಸಂಚರಿಸುವವು. ನಮ್ಮ ಮೂರೂ ಸೇನೆಗಳಿಗಾಗಿ ಪ್ರತ್ಯೇಕ ದ್ಯುತಿತಂತು ಜಾಲವನ್ನು ಹಾಸಲು ಭಾರತ ಸರಕಾರವು 2012ರಲ್ಲಿ 13,334 ಕೋಟಿ ರೂಪಾಯಿಗಳನ್ನೂ, 2018ರಲ್ಲಿ ಮತ್ತೆ 11,330 ಕೋಟಿಗಳನ್ನೂ ಮಂಜೂರು ಮಾಡಿತು. ಇಷ್ಟು ಹಣ ಸುರಿದು ಕಟ್ಟುವ ಜಾಲವು ಪೆಟ್ಟು ಬಿದ್ದಾಗ ನಿಲ್ಲುವದೋ ಕುಸಿಯುವದೋ ಎಂಬುದನ್ನು ಯುದ್ಧದಲ್ಲಿಯೇ ಅರಿಯಬೇಕೆ? ನಿಜವಾದ ಜಾಲವನ್ನು ಕಡಿದು ನೋಡಲಾಗದು. ಆದಕಾರಣ ಗಣಕಯಂತ್ರಗಳೊಳಗೇ ಒಂದು ಹುಸಿ ಜಾಲವನ್ನು ಕಟ್ಟಿ, ಪ್ರತಿ ಠಾಣೆಗೊಂದು ಕಲ್ಪಿತ ಯಂತ್ರವನ್ನಿಟ್ಟು, ಪ್ರತಿ ತಂತಿಗೆ ಅದರ ಅಗಲ, ವಿಳಂಬ, ನಷ್ಟಗಳನ್ನು ನಿಗದಿಮಾಡಿ, ಬಳಿಕ ಅದನ್ನು ಒಡೆದು ನೋಡುವರು.

ಈ ವಿದ್ಯೆ ಹೊಸದೇನಲ್ಲ. ಅಮೇರಿಕೆಯ ಪಾಲ್ ಬ್ಯಾರನ್ ಎಂಬವರು 1964ರಲ್ಲಿಯೇ ಇಂಥ ಲೆಕ್ಕವನ್ನು ಪ್ರಕಟಿಸಿದರು. ಠಾಣೆಗಳ ಮೂರು-ನಾಲ್ಕು ಪಟ್ಟು ತಂತಿಗಳಿದ್ದರೆ, ಭಾರೀ ಆಘಾತದ ತರುವಾಯವೂ ಉಳಿದ ಠಾಣೆಗಳಲ್ಲಿ ಬಹುಭಾಗವು ಪರಸ್ಪರ ಮಾತಾಡಬಲ್ಲವೆಂದು ಅವರು ತೋರಿಸಿದರು. ಆದರೆ ಅವರ ಲೆಕ್ಕದಲ್ಲಿ ಪ್ರತಿಯೊಂದು ಠಾಣೆಯೂ ಬೇರೆ ಬೇರೆಯಾಗಿ ಸಾಯುತ್ತಿತ್ತು. ಯಡೂರಿನವರು ಇದನ್ನು ಒಪ್ಪಲಾರರು! ಒಂದೇ ಕಂದಕದಲ್ಲಿ ಹೂತ ಎರಡು ತಂತುಗಳು ಪಟದಲ್ಲಿ ಎರಡು, ಗುದ್ದಲಿಯ ಕಣ್ಣಿಗೆ ಒಂದೇ. ಒಂದೇ ವಿದ್ಯುತ್ ಕೇಂದ್ರವನ್ನು ನೆಚ್ಚಿದ ಹತ್ತು ಠಾಣೆಗಳೂ ಒಟ್ಟಿಗೇ ಕತ್ತಲಾಗುವವು. ತಾಲೀಮಿನ ಜಾಲದಲ್ಲಿ ಬರಿಯ ತಂತಿಗಳನ್ನಲ್ಲ, ಅವು ನಿಂತ ನೆಲವನ್ನೂ ಹೊಳೆಯನ್ನೂ ಬರೆಯಬೇಕು.

ಗಾತ್ರದಲ್ಲಿಯೂ ಜಿಪುಣತನ ಸಲ್ಲದು. ಹತ್ತು ಠಾಣೆಗಳ ಆಟಿಗೆಯಲ್ಲಿ ಎಲ್ಲವೂ ಸುಗಮವಾಗಿಯೇ ಕಾಣುವದು. ಸಾವಿರಾರು ಠಾಣೆಗಳಿರುವಲ್ಲಿ ಒಂದು ತಂತಿ ಹರಿದರೆ, ದಾರಿ ಬದಲಾಯಿತೆಂಬ ವರದಿಗಳೇ ಇಕ್ಕಟ್ಟಾದ ರೇಡಿಯೋ ಮಾರ್ಗಗಳನ್ನು ತುಂಬಿ ಆಜ್ಞೆಗೆ ಎಡೆಯಿಲ್ಲದಂತೆ ಮಾಡಬಹುದು. ಈ ರೋಗವು ದೊಡ್ಡ ಮಾದರಿಯಲ್ಲಿ ಮಾತ್ರ ಹೊರಬೀಳುವದು.

ಸೈನ್ಯದ ನಿಜವಾದ ನಕ್ಷೆ ಗುಪ್ತವಾದದ್ದು, ಅದನ್ನು ವಿದ್ಯಾಲಯಗಳಿಗೆ ಕೊಡಲಾಗದೆಂದು ಅಧಿಕಾರಿಗಳು ಹೇಳುವದು ಸರಿಯೇ. ನಾವೂ ಅದನ್ನು ಕೇಳುವದಿಲ್ಲ. ಅದೇ ಸ್ವಭಾವದ ಕಲ್ಪಿತ ನಕ್ಷೆ ಸಾಕು. ಆದರೆ ಕಣ್ಣುಮುಚ್ಚಿ ಗೆರೆ ಎಳೆದರೆ ನಕ್ಷೆಯಾಗದು. ಇಂಟರ್‌ನೆಟ್ಟಿನಲ್ಲಿ ಕೆಲವೇ ಕೇಂದ್ರಗಳಿಗೆ ಅಪಾರ ಸಂಬಂಧಗಳೂ, ಬಹುಸಂಖ್ಯೆಯವಕ್ಕೆ ಒಂದೆರಡು ಮಾತ್ರವೂ ಇರುವವೆಂದು ಫಲೌಟ್ಸೋಸ್ ಸಹೋದರರು ಮೂವರು 1999ರಲ್ಲಿಯೇ ತೋರಿಸಿಕೊಟ್ಟಿರುವರು. ಸೈನ್ಯದ ಜಾಲಕ್ಕೂ ದಳ, ಪಡೆ, ತುಕಡಿ ಎಂಬ ತನ್ನದೇ ಶ್ರೇಣಿಯಿದೆ.

ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನೆಯ ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್ ಕೇಂದ್ರವಿದೆ, ಭಾರತ್ ಎಲೆಕ್ಟ್ರಾನಿಕ್ಸ್ ಇದೆ, ವಿಜ್ಞಾನ ಸಂಸ್ಥೆಯಿದೆ. ಗುಪ್ತವಾದದ್ದು ಅಲ್ಲಿಯೇ ನಡೆಯಲಿ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯ ಕಚೇರಿಯೂ ಮರಾಠಾ ಲಘು ಪದಾತಿದಳದ ಕೇಂದ್ರವೂ ಬೆಳಗಾವಿಯಲ್ಲಿಯೇ ಇರುವವು. 2019ರಲ್ಲಿ ಈ ಜಿಲ್ಲೆಯ ನೆರೆಯಲ್ಲಿ ಸಿಕ್ಕವರ ರಕ್ಷಣೆಗೆ ಸೈನಿಕರೇ ಬಂದರು. ಕೃಷ್ಣಾತೀರದ ದೂರವಾಣಿ ಗೋಪುರಗಳನ್ನೂ ಸೇತುವೆಗಳನ್ನೂ ವಿದ್ಯುತ್ ಕೇಂದ್ರಗಳನ್ನೂ ಸೇರಿಸಿದ ಒಂದು ದೊಡ್ಡ ಹುಸಿ ಜಾಲವನ್ನು ಈ ಎರಡು ಸಂಸ್ಥೆಗಳು ಕೂಡಿ ಕಟ್ಟಿ, ನೀರನ್ನು ಮೊಳ ಮೊಳವಾಗಿ ಏರಿಸಿ ನೋಡಲು ಯಾವ ಗುಟ್ಟೂ ಅಡ್ಡಬರದು. ಮುಂದಿನ ಮಳೆಗಾಲಕ್ಕೆ ಮೊದಲೇ ರಕ್ಷಣಾ ಖಾತೆಯವರು ಇದಕ್ಕೆ ಅಪ್ಪಣೆ ಕೊಡಬೇಕೆಂದು ಆಗ್ರಹಿಸುತ್ತೇವೆ.