ವಿಕಟಕವಿ ಪಾಲಿಂಡ್ರೋಮ್ ಅಲ್ವಂತೆ! (ಪೈಥಾನ್ ಕಂತು 4)

ಮೊನ್ನೆ ಬಜಪೆ ಬಸ್ಸಲ್ಲಿ ಕೂತು ಮೊಬೈಲಲ್ಲೇ ಲ್ಯಾಬಿನ ಪಾಲಿಂಡ್ರೋಮ್ ಪ್ರೋಗ್ರಾಂ ರನ್ ಮಾಡಿದೆ. ‘ವಿಕಟಕವಿ’ ಕೊಟ್ರೆ ಫಾಲ್ಸ್! ನನ್ನ ಕೋಡೇ ತಪ್ಪು ಅಂತ ಇಳಿಯುವವರೆಗೂ ತಲೆ ಕೆಡಿಸಿಕೊಂಡೆ.

ಕೋಡ್ ಸರಿಯೇ ಉಂಟು ಮಾರಾಯ್ರೆ. ಪೈಥಾನ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಯೂನಿಕೋಡಿನ ಕೋಡ್ ಪಾಯಿಂಟನ್ನು. ‘ವಿ’ಯಲ್ಲಿ ವ ಒಂದು, ಗುಡಿಸು ಇನ್ನೊಂದು. ಸ್ಟ್ರಿಂಗ್ ತಿರುಗಿಸಿದ್ರೆ ಗುಡಿಸು ಮುಂದೆ ಬಂದು ಕೂರ್ತದೆ. ‘ಬಜಪೆ’ ನಮಗೆ 3 ಅಕ್ಷರ, ಲೆನ್ ಹೇಳುವುದು 4. ‘ಮಂಗಳೂರು’ ನಮಗೆ 4, ಅದಕ್ಕೆ 7.

ಸಾರ್ಟ್ ಇನ್ನೂ ತಮಾಷೆ. ಕವತ್ತಾರು, ಕಳವಾರು ಕೊಡಿ; ಕಳವಾರು ಮೊದಲು ಬರ್ತದೆ. ವರ್ಣಮಾಲೆಯಲ್ಲಿ ಳ ಕೊನೆಗೆ, ಯೂನಿಕೋಡಲ್ಲಿ ಲ ಆದ ಕೂಡಲೇ ಳ, ಆಮೇಲೆ ವ.

ಹಾಗಂತ ಪೈಥಾನಿಗೆ ಕನ್ನಡ ಆಗುವುದಿಲ್ಲ ಅನ್ಬೇಡಿ. 2008ರ ಪೈಥಾನ್ 3.0ರಿಂದ ವೇರಿಯಬಲ್‌ಗೆ ‘ಊರು’ ಅಂತಲೇ ಹೆಸರಿಡಬಹುದು. ಸಾರ್ಟಿಗೂ ನಮ್ಮದೇ ಕೀ ಫಂಕ್ಷನ್ ಕೊಡಬಹುದು.

ನಾನು ಹೇಳುವುದಿಷ್ಟೆ: ಲ್ಯಾಬಿನ ಪ್ರತಿ ಸ್ಟ್ರಿಂಗ್ ಲೆಕ್ಕಕ್ಕೂ ಒಂದು ಕನ್ನಡ ಪದ ಹಾಕಿ ನೋಡ್ಬೇಕು. ಇಂಗ್ಲಿಷ್ ಪದ ಮಾತ್ರ ಹಾಕಿದ್ರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಾಳೆ ರೇಷನ್ ಕಾರ್ಡಿನ ಸಾಫ್ಟ್‌ವೇರ್ ಬರೆಯುವವರು ನಾವೇ. ಅದರಲ್ಲಿ ಅಜ್ಜಿಯ ಹೆಸರು ಅರ್ಧಕ್ಕೇ ತುಂಡಾದ್ರೆ ಯಾರನ್ನು ಬೈಯುವುದು?

ನಿಮ್ಮ ಹೆಸರು ಎಷ್ಟಕ್ಷರ, ಲೆನ್ ಎಷ್ಟು? ಕಮೆಂಟಲ್ಲಿ ಹಾಕಿ.