ಖಾಲಿ ಸೀಟಿನ ಬಾಡಿಗೆ ಯಾರು ಕೊಡಬೇಕು?

ಮೂಲಸೌಲಭ್ಯ ಅಭಿವೃದ್ಧಿ ಸಚಿವರಾದ ಎಂ.ಬಿ. ಪಾಟೀಲರಿಗೆ,



ಇವತ್ತು 2025ರ ನವೆಂಬರ್ 22. ಆರು ವರ್ಷದ ಹಿಂದೆ ಇದೇ ದಿನ ನಮ್ಮ ಕಲಬುರಗಿಯ ಶ್ರೀನಿವಾಸ ಸರಡಗಿ ನಿಲ್ದಾಣದಲ್ಲಿ ಬೆಂಗಳೂರಿನ ಮೊದಲ ವಿಮಾನ ಇಳಿಯಿತು. ಐವತ್ತು ಸೀಟಿನ ಸಣ್ಣ ವಿಮಾನ. ಇಳಿದದ್ದು ಮಾತ್ರ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಮೇಲೆ. ಕಳೆದ ತಿಂಗಳು ಸ್ಟಾರ್ ಏರ್ ಆ ಸೇವೆ ನಿಲ್ಲಿಸಿತು. ಉಡಾನ್ ಯೋಜನೆಯ ನೆರವಿನ ಅವಧಿ ಮುಗಿದದ್ದೇ ಕಾರಣವೆಂದು ಪತ್ರಿಕೆಯಲ್ಲಿ ಓದಿದೆವು.

ಸೆಪ್ಟೆಂಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಲಗಳೆಲ್ಲ ನೀರುಪಾಲಾದವು. ತೊಗರಿ ಕೊಳೆತಿರುವಾಗ ಇವನಿಗೆ ವಿಮಾನದ ಚಿಂತೆಯೇ ಎಂದು ನೀವು ಕೇಳಬಹುದು. ನಮ್ಮೂರ ಚಹಾದಂಗಡಿಯಲ್ಲಿ ಆಗಲೇ ಕೇಳಿದ್ದಾರೆ. ಅವರಿಗೆ ನನ್ನ ಅಕ್ಕನ ಕಥೆ ಹೇಳಿದೆ.

ಅಕ್ಕ ಅಫಜಲಪುರದವಳು. ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗುವಾಗ ನಲವತ್ತು ಖಡಕ್ ರೊಟ್ಟಿ ಬಿಳಿ ಪಂಜೆಯಲ್ಲಿ ಕಟ್ಟಿಕೊಂಡು ನಿಲ್ದಾಣಕ್ಕೆ ಬಂದಳು. ಶೇಂಗಾ ಹಿಂಡಿಯ ಡಬ್ಬಿ, ಅಂಟಿನ ಉಂಡಿ ಎಲ್ಲ ತೂಕದ ಪಟ್ಟಿಯ ಮೇಲೆ ಹೋದವು. ರೊಟ್ಟಿಗಂಟು ಮಾತ್ರ ಕೊಡಲೊಲ್ಲಳು. 'ಅಲ್ಲಿ ಒಗಿತೀರಿ, ಪುಡಿ ಆಗ್ತಾವ.' ತಪಾಸಣೆಯ ಯಂತ್ರದಲ್ಲಿ ದುಂಡಗಿನದೇನೋ ಒಂದರ ಮೇಲೊಂದು ಪೇರಿಸಿದ್ದು ಕಂಡು ಆ ಹುಡುಗ ಗಂಟು ಬಿಚ್ಚಿಸಿದ, ನಕ್ಕ, ಮತ್ತೆ ಕಟ್ಟಿಕೊಟ್ಟ. ತೊಡೆಯ ಮೇಲಿಟ್ಟುಕೊಂಡೇ ಹೋದಳಂತೆ. ಮೊಣಕಾಲು ನೋವಿನ ಹೆಂಗಸು. ಒಂದು ರಾತ್ರಿ ಪೂರ್ತಿ ರೈಲಿನಲ್ಲಿ ಕೂತು ಹೋಗಿದ್ದರೆ ಬಾಣಂತನ ಅವಳಿಗೇ ಮಾಡಬೇಕಾಗುತ್ತಿತ್ತು.

ಕಂಪನಿಯನ್ನು ಬೈದು ಹೇಳಿಕೆ ಕೊಡುವುದು ಸುಲಭ. ನಾನು ಬೈಯುವುದಿಲ್ಲ. ಜೇವರ್ಗಿ ಕ್ರಾಸಿನ ಟಂಟಂ ತುಂಬುವತನಕ ಕದಲುವುದಿಲ್ಲ. ವಿಮಾನಕ್ಕೆ ಆ ಸವಲತ್ತಿಲ್ಲ. ಇಪ್ಪತ್ತು ಜನ ಕೂತರೂ ಹೊರಡಬೇಕು. ಇಂಧನ, ಪೈಲಟ್ ಸಂಬಳ, ಡಾಲರಿನಲ್ಲಿ ಕಟ್ಟುವ ವಿಮಾನದ ಬಾಡಿಗೆ, ಯಾವುದೂ ಅಷ್ಟಾಗಿ ಇಳಿಯುವುದಿಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ದೊಡ್ಡವರೇ ಹಾಗಾದ ಮೇಲೆ ಸಣ್ಣ ಕಂಪನಿ ಕೈ ಬಿಗಿಹಿಡಿಯದೆ ಏನು ಮಾಡೀತು? ಮೊದಲು ವಾರದ ಹಾರಾಟ ಕಡಿಮೆ ಮಾಡುತ್ತದೆ. ದಿನ ಬಿಟ್ಟು ದಿನ ಹಾರುವ ವಿಮಾನ ನಂಬಿ ಯಾರೂ ಆಸ್ಪತ್ರೆಯ ತಾರೀಖು ಗೊತ್ತು ಮಾಡಿಕೊಳ್ಳುವುದಿಲ್ಲ, ವ್ಯಾಪಾರಿ ಹತ್ತಿರವೂ ಸುಳಿಯುವುದಿಲ್ಲ. ಸೀಟು ಇನ್ನಷ್ಟು ಖಾಲಿ. ಆಮೇಲೆ ವಿಮಾನವನ್ನೇ ಬೇರೆ ಊರಿಗೆ ಒಯ್ಯುತ್ತದೆ.

ಆ ಬೇರೆ ಊರು ಎಷ್ಟು ಹತ್ತಿರ ಅಂದರೆ, ಆಳಂದದವರು ಸಂತೆ, ದವಾಖಾನೆಗೆ ಹೋಗುವ ಸೋಲಾಪುರ! ನಮ್ಮಲ್ಲಿ ನಿಂತ ಅದೇ ತಿಂಗಳು, ಅದೇ ಕಂಪನಿ ಸೋಲಾಪುರದಿಂದ ಮುಂಬೈಗೆ ಹಾರಾಟ ಶುರು ಮಾಡಿತು. ಖಾಲಿ ಸೀಟಿನ ನಷ್ಟ ತುಂಬಿಕೊಡಲು ಮಹಾರಾಷ್ಟ್ರ ಸರ್ಕಾರ ಒಪ್ಪಿತ್ತು.

ಉಡಾನ್‌ನಲ್ಲಿ ಖರ್ಚಿಗೂ ಆದಾಯಕ್ಕೂ ನಡುವಿನ ಅಂತರ ತುಂಬುವ ಹಣ ಸಿಗುವುದು ಮೂರು ವರ್ಷ ಅಂತ ಲೆಕ್ಕ. ಅದರಲ್ಲಿ ರಾಜ್ಯದ ಪಾಲು ಶೇ 20. ಅಷ್ಟರಲ್ಲಿ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು. ನಮ್ಮ ಮೂರು ವರ್ಷ ಹೇಗೆ ಶುರುವಾಯಿತು ನೆನಪಿದೆಯೇ? ನಾಲ್ಕೇ ತಿಂಗಳಿಗೆ ಕೊರೊನಾ. ದೇಶದ ಮೊದಲ ಸಾವೂ ಕಲಬುರಗಿಯದೇ. ಎರಡು ತಿಂಗಳು ದೇಶದೊಳಗೆ ಮಾಮೂಲು ಪ್ರಯಾಣಿಕ ವಿಮಾನ ಹಾರಲಿಲ್ಲ.

ಬೀದರಿನಲ್ಲಿ ನಿಂತಿದ್ದ ಬೆಂಗಳೂರು ವಿಮಾನವನ್ನು ಈ ಏಪ್ರಿಲ್‌ನಲ್ಲಿ ಸರ್ಕಾರವೇ ನೆರವು ಕೊಟ್ಟು ಮತ್ತೆ ಹಾರಿಸಿತು. ಬೀದರಿಗೆ ಆದದ್ದು ಕಲಬುರಗಿಗೇಕೆ ಆಗಬಾರದು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಿಸುತ್ತೀರಿ. ಅದರೊಳಗೆ ಶಾಲೆ, ರಸ್ತೆಯ ಪಾಲಿಗೆ ಕೈಹಾಕದೆ ಎರಡು ವರ್ಷಕ್ಕೆ ಇದನ್ನೂ ಹೊಂದಿಸಿ. ಪುಕ್ಕಟೆ ಬೇಡ. ಖಾಲಿ ಹೋದ ಸೀಟಿಗಷ್ಟೇ ದುಡ್ಡು, ಅದಕ್ಕೂ ಒಂದು ಮಿತಿ. ತಿಂಗಳಿಗೊಮ್ಮೆ ಎಷ್ಟು ಜನ ಹತ್ತಿದರು, ಎಷ್ಟು ಕೊಟ್ಟಿರಿ ಎಂದು ನಿಲ್ದಾಣದ ಬಾಗಿಲಿಗೇ ಹಚ್ಚಿ. ವಾರವೆಲ್ಲ ಹಾರಲೇಬೇಕು, ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುವ ಹಾಗಿರಬೇಕು ಎಂದು ಒಪ್ಪಂದದಲ್ಲೇ ಬರೆಸಿ. ವಿಜಯಪುರದ ನಿಮ್ಮ ಬುರಣಾಪುರ ನಿಲ್ದಾಣದಲ್ಲೂ ನಾಳೆ ವಿಮಾನ ಇಳಿದಾವು. ಮೂರು ವರ್ಷದ ನಂತರದ ಲೆಕ್ಕ ಅಲ್ಲಿಗೂ ಬೇಕಾದೀತು.

ಇನ್ನೊಂದು ಮಾತು, ಇದು ಸಾರಿಗೆ ಸಚಿವರ ಕಿವಿಗೂ ಬೀಳಲಿ. ನಿಲ್ದಾಣ ಇರುವುದು ಸೇಡಂ ರಸ್ತೆಯಲ್ಲಿ, ಊರಿನ ಆ ಕಡೆ. ಆಳಂದ, ಅಫಜಲಪುರ, ಜೇವರ್ಗಿಯವರು ಈ ಕಡೆಯಿಂದ ಬಂದು ಇಡೀ ಕಲಬುರಗಿ ದಾಟಬೇಕು. ಅಕ್ಕನನ್ನು ಬಿಡಲು ಹೋದ ದಿನ ಬಾಡಿಗೆ ಕಾರಿಗೆ ನಾನು ಕೊಟ್ಟದ್ದು ಅವಳ ವಿಮಾನದ ಟಿಕೆಟ್ಟಿನ ಹತ್ತಿರ ಹತ್ತಿರ ಆಯಿತು. ವಿಮಾನದ ವೇಳೆಗೆ ಸರಿಯಾಗಿ ಮೂರು ತಾಲ್ಲೂಕಿನಿಂದ ಒಂದೊಂದು ಕೆಂಪು ಬಸ್ಸು ಬಿಟ್ಟರೆ, ಖಾಲಿ ಸೀಟಿಗೆ ನೀವು ಕೊಡುವ ದುಡ್ಡೂ ಅಷ್ಟು ಉಳಿದೀತು.

ಜೇವರ್ಗಿಯ ಒಬ್ಬ ನಿವೃತ್ತ ಮಾಸ್ತರ