ಬಲೂನಿನ ಬೆನ್ನಟ್ಟಿದ ಕ್ಷಿಪಣಿ

ಜಗತ್ತಿನ ಅತಿ ಬಲಿಷ್ಠ ಸೇನೆಯನ್ನು ಹೊಂದಿರುವ ಅಮೇರಿಕವನ್ನು 2023ರ ಫೆಬ್ರವರಿಯಲ್ಲಿ ನಿದ್ದೆಗೆಡಿಸಿದ್ದು ಒಂದು ಬಲೂನು. ಚೀನಾದ ಆ ಬಿಳಿ ಬಲೂನು ಜನವರಿ 28ರಂದೇ ಅಲಾಸ್ಕದ ವಾಯುಪ್ರದೇಶವನ್ನು ಪ್ರವೇಶಿಸಿತ್ತು. ಸರಕಾರಕ್ಕೆ ಇದು ತಿಳಿದಿತ್ತು, ಜನರಿಗೆ ತಿಳಿಸಿರಲಿಲ್ಲ. ಅಣ್ವಸ್ತ್ರ ಕ್ಷಿಪಣಿಗಳನ್ನು ನೆಲದಡಿಯಲ್ಲಿ ಹುದುಗಿಸಿಟ್ಟಿರುವ ಮೊಂಟಾನ ರಾಜ್ಯದಲ್ಲಿ ಜನಸಾಮಾನ್ಯರು ಆಕಾಶ ನೋಡಿ ಫೋಟೊ ತೆಗೆದ ಬಳಿಕವಷ್ಟೇ ಪೆಂಟಗನ್ ಬಾಯಿ ತೆರೆಯಿತು.

ಅವಶೇಷಗಳು ಜನವಸತಿಯ ಮೇಲೆ ಬೀಳಬಾರದೆಂದು ಬಲೂನು ಸಮುದ್ರ ಸೇರುವವರೆಗೆ ಕಾದದ್ದು ವಿವೇಕದ ನಡೆ. ಆದರೆ ವಿರೋಧ ಪಕ್ಷವು ಅದನ್ನೇ ಹೇಡಿತನವೆಂದು ಜರೆಯಿತು. ವಿದೇಶಾಂಗ ಸಚಿವ ಬ್ಲಿಂಕೆನ್‌ರ ಬೀಜಿಂಗ್ ಭೇಟಿ ಮುಂದೂಡಲ್ಪಟ್ಟಿತು. ಫೆಬ್ರವರಿ 4ರಂದು ದಕ್ಷಿಣ ಕೆರೊಲಿನದ ಕರಾವಳಿಯಾಚೆ ಎಫ್-22 ಯುದ್ಧವಿಮಾನವು ಬಲೂನನ್ನು ಹೊಡೆದುರುಳಿಸಿತು. ಭೀತಿ ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ವಾರ ಮೂರೇ ದಿನಗಳಲ್ಲಿ ಇನ್ನೂ ಮೂರು ಹಾರುವ ವಸ್ತುಗಳನ್ನು ಹೊಡೆಯಲಾಯಿತು. ತಲಾ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿ ಬೆಲೆಬಾಳುವ ಕ್ಷಿಪಣಿಗಳು! ಅವುಗಳಲ್ಲೊಂದು ಗುರಿಯನ್ನೂ ತಪ್ಪಿತು. ಕೊನೆಗೆ, ಆ ಮೂರೂ ಖಾಸಗಿ ಕಂಪೆನಿಗಳಿಗೋ ಹವ್ಯಾಸಿಗಳಿಗೋ ಸಂಶೋಧಕರಿಗೋ ಸೇರಿದ್ದಿರಬಹುದು ಎಂದು ಅಧ್ಯಕ್ಷ ಬೈಡನ್‌ರೇ ಹೇಳಬೇಕಾಯಿತು. ಮೊದಲ ಬಲೂನು ಕೂಡ ಅಮೇರಿಕದ ಮೇಲೆ ಸಾಗುವಾಗ ಯಾವುದೇ ಮಾಹಿತಿ ಸಂಗ್ರಹಿಸಿರಲಿಲ್ಲವೆಂದು ಪೆಂಟಗನ್ ಜೂನ್ ಅಂತ್ಯದಲ್ಲಿ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಸುದ್ದಿವಾಹಿನಿಗಳಿಗೆ ಬೇರೆ ವಿಷಯಗಳು ಸಿಕ್ಕಿದ್ದವು.

ಹಾಗೆಂದು ಚೀನಾವು ನಿರಪರಾಧಿಯೇನಲ್ಲ. ಗಾಳಿಗೆ ದಾರಿ ತಪ್ಪಿದ ಹವಾಮಾನ ಬಲೂನೆಂಬ ಅದರ ಸಮಜಾಯಿಷಿಯನ್ನು ನಂಬಿದವರು ವಿರಳ. ವಿಪರ್ಯಾಸವೆಂದರೆ, ಈ ನೆಪದ ಹಳೆಯ ಬಳಕೆದಾರ ಸ್ವತಃ ಅಮೇರಿಕ. 1960ರ ಮೇ 1ರಂದು ಪೇಶಾವರದಿಂದ ಹಾರಿದ ಅದರ ಯು-2 ಗೂಢಚಾರ ವಿಮಾನವನ್ನು ಸೋವಿಯತ್ ಒಕ್ಕೂಟವು ಕೆಡವಿದಾಗ, ಅದು ದಾರಿ ತಪ್ಪಿದ ಹವಾಮಾನ ಸಂಶೋಧನಾ ವಿಮಾನವೆಂದೇ ವಾಷಿಂಗ್ಟನ್ ಹೇಳಿತ್ತು. ಪೈಲಟ್ ಪವರ್ಸ್ ಜೀವಂತ ಸೆರೆಯಾಗಿದ್ದಾನೆಂದು ಕ್ರುಶ್ಚೇವ್ ಪ್ರಕಟಿಸಿದ ಮೇಲೆ ಸುಳ್ಳು ಬಯಲಾಯಿತು.

ಅದೇ ಪೇಶಾವರದ ದಕ್ಷಿಣಕ್ಕಿರುವ ವಝೀರಿಸ್ತಾನದ ಆಕಾಶದಲ್ಲಿ 2004ರಿಂದ ವರ್ಷಗಟ್ಟಲೆ ಅಮೇರಿಕದ ಡ್ರೋನ್‌ಗಳು ಹಾರಾಡಿದುವು. ಅವು ಬರೇ ಫೋಟೊ ತೆಗೆಯಲು ಬಂದವುಗಳಲ್ಲ. ಪಾಕ್ ಆಡಳಿತಗಾರರು ಗುಟ್ಟಾಗಿ ತಲೆಯಾಡಿಸಿದ್ದರೆಂಬುದು ನಿಜ. ಅದನ್ನು ಮುಷರ್ರಫ್‌ರೇ ಆ ಬಳಿಕ ಒಪ್ಪಿಕೊಂಡರು. ಆದರೆ ದಾಳಿಗಳನ್ನು ನಿಲ್ಲಿಸಬೇಕೆಂದು 2012ರಲ್ಲಿ ಪಾಕಿಸ್ತಾನದ ಸಂಸತ್ತು ಒಮ್ಮತದಿಂದ ಕೇಳಿಕೊಂಡಿತು. ವಾಯುಪ್ರದೇಶದ ಸಾರ್ವಭೌಮತೆಯ ಬಗ್ಗೆ ಇಷ್ಟೊಂದು ಮಾತಾಡಿದ ಅಮೇರಿಕವು ಆ ಬೇಡಿಕೆಯ ನಂತರವೂ ದಾಳಿಗಳನ್ನು ಮುಂದುವರಿಸಿತು.